ಕೇರಂ ಬೋರ್ಡಿನ ತೋಟ

ನಾನು ತುರುವೇಕೆರೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ಬಂದವರು ಚೀಟಿ ತೋರಿಸುತ್ತಾರೆ, ಡಾಕ್ಟರು ಬರೆದ ಕಂಪನಿಯ ಮಾತ್ರೆ ನಮ್ಮಲ್ಲಿ ಇರುವುದಿಲ್ಲ. ಅದೇ ಔಷಧದ ಇನ್ನೊಂದು ಕಂಪನಿಯ ಪಟ್ಟಿ ತೆಗೆದು ಮುಂದಿಟ್ಟು, "ಇದು ತಗೊಳ್ಳಿ, ಎರಡೂ ಒಂದೇ" ಅನ್ನುತ್ತೇನೆ. ಕೆಲವರು ಅನುಮಾನದಿಂದ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ. ಒಳಗಿರುವುದು ಅದೇ ಕಣ್ರೀ, ಮೇಲಿನ ಬಣ್ಣ ಬೇರೆ ಅಷ್ಟೇ ಎಂದು ಗದರಿದಂತೆ ಹೇಳಿ ಕಳಿಸುತ್ತೇನೆ. ಇಪ್ಪತ್ತು ವರ್ಷದಿಂದ ಈ ಮಾತು ಹೇಳಿ ಹೇಳಿ ನನಗೆ ಲೋಕದಲ್ಲಿ ಬದಲಿ ಇಲ್ಲದ ವಸ್ತುವೇ ಇಲ್ಲ ಅನ್ನಿಸಿಬಿಟ್ಟಿತ್ತು.

ಮಾಡೆಲ್ ಮಾಡುವ ಹುಚ್ಚು ಹತ್ತಿದ್ದು ಮಗಳ ಸ್ಕೂಲಿನಿಂದ. ಅವಳಿಗೆ ಥರ್ಮಾಕೋಲಿನ ಕೋಟೆ ಮಾಡಿಕೊಂಡು ಬಾ ಅಂದಿದ್ದರು. ಅವಳು ಎರಡು ಗೋಡೆ ನಿಲ್ಲಿಸಿ ಬೇಜಾರಾಗಿ ಎದ್ದು ಹೋದಳು. ನಾನು ಬುರುಜು, ಬಾಗಿಲು, ಕಂದಕ ಎಲ್ಲ ಮುಗಿಸಿ, ಆಮೇಲೂ ಸುಮ್ಮನಿರಲಾರದೆ ಫೋನಿನಲ್ಲಿ ಹುಡುಕತೊಡಗಿದೆ. ಅಲ್ಲಿ ಯಾವುದೋ ದೇಶದವನೊಬ್ಬ ಬೆರಳುದ್ದದ ರೈಲ್ವೆ ಸ್ಟೇಷನ್ ಕಟ್ಟುತ್ತಿದ್ದ. ಅವನ ಹುಲ್ಲು ಡಬ್ಬಿಯಲ್ಲಿ ಬರುತ್ತದೆ, ಬಂಡೆ ಪ್ಯಾಕೆಟ್ಟಿನಲ್ಲಿ ಬರುತ್ತದೆ, ನೀರು ಬಾಟಲಿಯಲ್ಲಿ ಬರುತ್ತದೆ. ಅವನು ಮಣ್ಣನ್ನೂ ಅಂಗಡಿಯಿಂದ ತರಿಸುವುದನ್ನು ನೋಡಿ ಇವನಿಗೆ ಬುದ್ಧಿ ನೆಟ್ಟಗಿಲ್ಲ ಅಂದುಕೊಂಡೆ. ಆ ಸಾಮಾನುಗಳ ಬೆಲೆ ನೋಡಿದ ಮೇಲೆ ನನಗೆ ಹಟವೇ ಬಂತು.

ಅವನ ಮಣ್ಣಿಗೆ ಬದಲು ನಮ್ಮ ತೋಟದ ಮಣ್ಣನ್ನೇ ಹಳೆ ಪಂಚೆಯ ತುಂಡಿನಲ್ಲಿ ಜರಡಿ ಹಿಡಿದೆ. ಗೊಬ್ಬರ ಬಿದ್ದ ಕಡೆ ಕಪ್ಪಾಗಿ ಕಾಣಲು ಒಣಗಿಸಿದ ಕಾಫಿ ಚರಟ. ಹುಲ್ಲಿಗೆ ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ರಂಗೋಲಿಯ ಹಸಿರು ಬಣ್ಣದಲ್ಲಿ ನೆನೆಸಿದ್ದು. ಉಪ್ಪುಕಾಗದದ ಬದಲು ಬೆಂಕಿಪೊಟ್ಟಣದ ಗೀರುವ ಬದಿ. ಅವನು ಗುಡ್ಡ ಮಾಡಲು ಬಳಸುವ ಗಾರೆ ಬಟ್ಟೆ ಏನೆಂದು ನೋಡಿದರೆ, ಕೈ ಮುರಿದವರಿಗೆ ಹಾಕುವ ಹಿಟ್ಟಿನ ಬ್ಯಾಂಡೇಜೇ. ಅದು ನಮ್ಮ ಅಂಗಡಿಯ ಮೇಲಿನ ಶೆಲ್ಫಿನಲ್ಲಿ ಧೂಳು ಹಿಡಿದು ಕೂತಿತ್ತು. ಅಂಟು ಹಾಕಲು ಸೂಜಿ ಕಿತ್ತ ಸಿರಿಂಜು. ಶೀಟಿನ ಮಾಡಿಗೆ ಇಂಜೆಕ್ಷನ್ ಬಾಟಲಿಗಳ ನಡುವೆ ಇಡುವ ಅಲೆ ಅಲೆಯಾದ ರಟ್ಟು. ಮೈದಾ ಅಂಟು ಕಾಯಿಸಿದಾಗ ಮೊದಲ ಸಲ ಜಿರಲೆಗಳು ನಾನು ರಟ್ಟಿನಲ್ಲಿ ಕಟ್ಟಿದ್ದ ಒಂದಿಡೀ ಬಸ್ ಸ್ಟ್ಯಾಂಡನ್ನು ತಿಂದು ಹಾಕಿದವು. ಎರಡನೇ ಸಲ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದೆ, ಒಂದು ಜಿರಲೆಯೂ ಹತ್ತಿರ ಸುಳಿಯಲಿಲ್ಲ.

ತೆಂಗಿನ ಮರ ಮಾತ್ರ ಬಹಳ ದಿನ ಕಾಡಿತು. ಕಾಂಡಕ್ಕೆ ಪೊರಕೆಯ ಕಡ್ಡಿ ಸಿಕ್ಕಿತು, ಅದರ ಮೇಲೆ ಬೂದುಬಣ್ಣದ ಹೊಲಿಗೆ ದಾರ ಸುತ್ತಿದರೆ ಮರದ ಮೈಮೇಲಿನ ಬಳೆ ಬಳೆ ಗುರುತು ಬರುತ್ತದೆ. ಗರಿಗೆ ಆ ದೇಶದವನು ಹಕ್ಕಿ ಪುಕ್ಕ ಬಳಸುತ್ತಿದ್ದ. ನಾನೂ ಪೇಟೆಯಿಂದ ಒಂದಷ್ಟು ಕೋಳಿ ಪುಕ್ಕ ತಂದು ಹಜಾರದಲ್ಲಿ ಹರಡಿದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತು, "ಲಿಂಗ ಕಟ್ಟಿದ ಮನೇಲಿ ಇದೇನ್ರೀ ಇದು, ಮೊದ್ಲು ಆಚೆ ಹಾಕಿ ಬನ್ನಿ" ಅಂದಳು. ಆಚೆ ಹಾಕಿ, ಸ್ನಾನ ಮಾಡಿ ಬಂದೆ. ಕೊನೆಗೆ ದಾರಿ ತೋರಿಸಿದ್ದು ಮಗಳ ಜಡೆ ಟೇಪು. ಸ್ಕೂಲಿನ ಹಸಿರು ಟೇಪನ್ನು ಉದ್ದುದ್ದ ಸೀಳಿ ಅಂಚಿನ ಎಳೆ ಬಿಡಿಸಿದರೆ ಥೇಟ್ ಗರಿ. ಕಾಯಿಗೆ ಸಾಸಿವೆ. ಇಂಚಿಗೆ ಹತ್ತಡಿ ಅಂತ ಲೆಕ್ಕ ಹಾಕಿದರೆ ಒಂದು ಕಾಯಿ ಸರಿಯಾಗಿ ಒಂದು ಸಾಸಿವೆ ಕಾಳಿನಷ್ಟೇ ಆಗುತ್ತದೆ. ಇದನ್ನು ಕಂಡುಹಿಡಿದ ದಿನ ನಾನು ಅಂಗಡಿಗೆ ಬಂದವರಿಗೆಲ್ಲ ನಗುನಗುತ್ತ ಔಷಧ ಕೊಟ್ಟೆ.

ಅಪ್ಪ ತೀರಿಕೊಂಡ ಎರಡನೇ ವರ್ಷ ತಮ್ಮ ಭಾಗದ ಮಾತೆತ್ತಿದ. ಅವನು ತಿಪಟೂರಿನಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದಾನೆ. ನಮ್ಮಿಬ್ಬರಿಗೂ ಜಗಳವೇನಿರಲಿಲ್ಲ. ಆದರೆ ಮಾಯಸಂದ್ರದ ದಾರಿಯಲ್ಲಿರುವ ನಮ್ಮ ತೋಟಕ್ಕೆ ಹೋಗಿ ನಿಂತರೆ ಆ ಮರ ಒಳ್ಳೆಯದು, ಈ ಕಡೆ ನೀರು ಜಾಸ್ತಿ ಎಂದು ಮಾತು ಬೆಳೆಯುತ್ತಿತ್ತು. ಸರ್ವೆಯವರ ನಕ್ಷೆ ತಂದರೆ ದೊಡ್ಡಪ್ಪ ಅದನ್ನು ತಲೆಕೆಳಗಾಗಿ ಹಿಡಿದು, "ಇದ್ರಲ್ಲಿ ಒಂದು ಮರನೂ ಕಾಣಾಕಿಲ್ವಲ್ಲ, ಏನ್ ನೋಡ್ಲಿ" ಅನ್ನುತ್ತಿದ್ದರು. ಆಗ ನಾನು, ತೋಟವನ್ನೇ ಮಾಡಿ ತಂದು ನಿಮ್ಮ ಮುಂದಿಡುತ್ತೇನೆ, ಕೂತಲ್ಲೇ ಹಂಚಿಕೊಳ್ಳೋಣ ಅಂದೆ. ಎಲ್ಲರೂ ಒಪ್ಪಿದರು. ನನ್ನ ಕೈಕೆಲಸಕ್ಕೆ ಬಂದ ಮೊದಲ ಬೆಲೆ ಅದು. ಒಳಗೊಳಗೇ ಉಬ್ಬಿಹೋಗಿದ್ದೆ.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಅಕ್ಕನನ್ನು ಕೊಟ್ಟಿರುವುದು ಚಿಕ್ಕನಾಯಕನಹಳ್ಳಿ ದಾಟಿ ಆಚೆಗೆ ಒಂದು ಹಳ್ಳಿಗೆ. ಅವಳ ಮದುವೆಯಲ್ಲಿ ಅಪ್ಪ ತೋಟದ ಒಂದು ಮರ ತೋರಿಸಿ, ಇದರ ಕಾಯಿ ನಿನ್ನ ಅರಿಶಿನ ಕುಂಕುಮಕ್ಕೆ ಅಂದಿದ್ದರು. ಬಾವಿಯ ಪಕ್ಕದ ಮರ. ಅದಕ್ಕೆ ಕಾಗದ ಪತ್ರ ಏನೂ ಇರಲಿಲ್ಲ. ಪ್ರತಿ ಕೀಳಿನಲ್ಲೂ, ಅಂದರೆ ತೋಟದ ಕಾಯಿ ಕೀಳಿಸಿದಾಗಲೆಲ್ಲ, ಆ ಮರದ ಕಾಯಿ ಬೇರೆ ಗುಡ್ಡೆಯಾಗಿ ಬೀಳುತ್ತಿತ್ತು, ಅಪ್ಪ ಅದನ್ನು ಚೀಲಕ್ಕೆ ತುಂಬಿ ತಾವೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬರುತ್ತಿದ್ದರು. ಅಕ್ಕನ ಮನೆಯವರದೂ ತೆಂಗಿನ ತೋಟವೇ. ಆದರೂ ತವರಿನ ಕಾಯಿಯನ್ನು ಅವಳು ಮನೆಯ ಕಾಯಿಯ ಜೊತೆ ಸೇರಿಸುತ್ತಿರಲಿಲ್ಲ. ದೇವರ ಮನೆಯ ಮೂಲೆಯಲ್ಲಿ ಒಂದು ಬಿದಿರಿನ ಕುಕ್ಕೆ ಇತ್ತು, ಅದರಲ್ಲೇ ಇಡುತ್ತಿದ್ದಳು. ಹಬ್ಬಕ್ಕೆ, ದೇವರಿಗೆ ಅದರಿಂದಲೇ ತೆಗೆಯುತ್ತಿದ್ದಳು.

ಭಾಗದ ವಿಷಯ ತಿಳಿಸಲು ಫೋನ್ ಮಾಡಿದಾಗ ಅಕ್ಕ, "ನಂಗೇನೂ ಬ್ಯಾಡ ಕಣಪ್ಪ, ಎಲ್ಲಿ ಸೈನ್ ಹಾಕು ಅಂತೀರೋ ಅಲ್ಲಿ ಹಾಕ್ತೀನಿ. ನನ್ ಮರ ಒಂದು ಹಂಗೇ ಇರ್ಲಿ" ಅಂದಳು.

"ಅದೆಲ್ಲಿಗೆ ಹೋಗ್ತದೆ ಬುಡಕ್ಕ" ಅಂದೆ.

ಮನಸ್ಸಿನಿಂದಲೇ ಹೇಳಿದ್ದೆ. ಆದರೆ ಆ ಹೊತ್ತಿಗಾಗಲೇ ಅವಳಿಗೆ ಎರಡು ವರ್ಷದ ಕಾಯಿ ಹೋಗಿರಲಿಲ್ಲ. ಅಪ್ಪ ಹೋದ ಮೇಲೆ ನಾವು ತೋಟವನ್ನು ವ್ಯಾಪಾರಿಯೊಬ್ಬನಿಗೆ ಗುತ್ತಿಗೆ ಕೊಟ್ಟಿದ್ದೆವು. ಅವನ ಆಳುಗಳು ಬಂದು ಒಂದು ಕಡೆಯಿಂದ ಕಿತ್ತುಕೊಂಡು ಹೋಗುತ್ತಿದ್ದರು. ಬೇರೆ ಗುಡ್ಡೆ ಹಾಕಿ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಅಕ್ಕನೂ ಕೇಳಿರಲಿಲ್ಲ.

ತೋಟಕ್ಕೆ ತಳವಾಗಿ ಹಳೇ ಕೇರಂ ಬೋರ್ಡ್ ತೆಗೆದುಕೊಂಡೆ. ಮರಕ್ಕೂ ಮರಕ್ಕೂ ಮೂವತ್ತಡಿ, ಅಂದರೆ ಬೋರ್ಡಿನ ಮೇಲೆ ಮೂರಿಂಚು. ಅಪ್ಪ ಹಗ್ಗ ಹಿಡಿದು ನೆಟ್ಟ ಸಾಲುಗಳು, ಒಂದೂ ಸೊಟ್ಟಗಿಲ್ಲ. ಟೇಪು ಹಿಡಿದು ಸುತ್ತಳತೆ ತೆಗೆದುಕೊಂಡು ಬಂದೆ. ಒಳಗಿನ ಮರಗಳನ್ನು ಅಳೆಯುವ ಗೋಜಿಗೆ ಹೋಗಲಿಲ್ಲ. ಅವು ನನಗೆ ಬಾಯಿಪಾಠವಾಗಿದ್ದವು. ಚಿಕ್ಕಂದಿನಿಂದ ಅಪ್ಪನ ಹಿಂದೆ ನಡೆದು ಎಣಿಸಿದ ತೋಟ. ಊರಲ್ಲೂ ಅದಕ್ಕೆ ಎಂಬತ್ತು ಮರದ ತೋಟ ಅಂತಲೇ ಹೆಸರು.

ಸಾಲಿಗೆ ಒಂಬತ್ತರಂತೆ ಒಂಬತ್ತು ಸಾಲು. ಎಂಬತ್ತೊಂದಾಯಿತು. ತೋಟದಲ್ಲಿರುವುದು ಎಂಬತ್ತು. ಒಂದು ಮರದ ಜಾಗ ಬಾವಿ ತಿಂದಿದೆ ಅಂದುಕೊಂಡೆ, ಲೆಕ್ಕ ಸರಿಹೋಯಿತು. ನಾಲ್ಕನೇ ಸಾಲಿನ ನಡುವೆ ಮೂವತ್ತೊಂದಕ್ಕೂ ಮೂವತ್ತೆರಡಕ್ಕೂ ಮಧ್ಯೆ ಆರಿಂಚಿನ ಖಾಲಿ ಉಳಿದು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ನಾನು ಬಾವಿಯನ್ನು ಮೊದಲು ಎರಡು ಸಾಲಿನ ನಡುವೆ ಗುರುತು ಮಾಡಿದ್ದೆ, ಅದು ಇರುವುದೇ ಅಲ್ಲಿ. ಗುರುತು ತಪ್ಪಿರಬೇಕು ಎಂದು ಅಳಿಸಿ, ಬಾವಿಯನ್ನು ಜರುಗಿಸಿ ಆ ಖಾಲಿ ಜಾಗದಲ್ಲಿ ಕೂರಿಸಿದೆ. ಈಗ ಚೆನ್ನಾಗಿ ಕಂಡಿತು.

ಅಪ್ಪ ಆ ಸಾಲನ್ನು ಹೇಗೆ ಎಣಿಸುತ್ತಿದ್ದರು ಎಂಬುದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. "ಮೂವತ್ತು, ಮೂವತ್ತೊಂದು, ಅವಳ್ದು, ಮೂವತ್ತೆರಡು." ಅಕ್ಕನ ಮರಕ್ಕೆ ನಂಬರು ಇರಲಿಲ್ಲ. ಕೊಟ್ಟದ್ದನ್ನು ನಮ್ಮ ಲೆಕ್ಕದಲ್ಲಿ ಸೇರಿಸಬಾರದು ಎಂದು ಅಪ್ಪ ಅದನ್ನು ಎಣಿಸುತ್ತಲೇ ಇರಲಿಲ್ಲ. ನಾನು ನಂಬರುಗಳನ್ನು ನೆನಪಿಟ್ಟುಕೊಂಡಿದ್ದೆ. ನಡುವಿನ ಆ ಒಂದು ಮಾತು ಕೆಲಸದ ಹೊತ್ತಿಗೆ ನನ್ನ ತಲೆಗೆ ಬರಲೇ ಇಲ್ಲ. ಇದನ್ನು ಯಾರು ನಂಬುತ್ತಾರೋ ಬಿಡುತ್ತಾರೋ, ನನಗೇ ಒಂದೊಂದು ದಿನ ನಂಬಿಕೆ ಬರುವುದಿಲ್ಲ.

ಬಾವಿಯ ನೀರಿಗೆ ಬಹಳ ಯೋಚಿಸಿದೆ. ಆ ದೇಶದವನು ಬಾಟಲಿಯ ನೀರು ಸುರಿದು ಗಟ್ಟಿಯಾಗಲು ಬಿಡುತ್ತಾನೆ. ನನ್ನ ಬೀರುವಿನಲ್ಲಿ ಅಪ್ಪನ ಎದೆಯ ಎಕ್ಸ್‌ರೇ ಇತ್ತು, ಕೊನೆಯ ವರ್ಷ ತೆಗೆಸಿದ್ದು. ಅದರ ಕಪ್ಪು ನೀಲಿ ಆಳ ನೋಡಿದರೆ ನಮ್ಮ ಬಾವಿಯ ನೀರೇ. ದುಂಡಗೆ ಕತ್ತರಿಸಿ ಅಂಟಿಸಿ, ಮೇಲೆ ಬಣ್ಣವಿಲ್ಲದ ಉಗುರು ಪಾಲಿಶ್ ಎರಡು ಸಲ ಹಚ್ಚಿದೆ. ಬೆಳಕಿಗೆ ಹಿಡಿದರೆ ಪಕ್ಕೆಲುಬಿನ ಒಂದು ಗೆರೆ ಸಣ್ಣ ಅಲೆಯ ಹಾಗೆ ಕಾಣುತ್ತಿತ್ತು. ಅಪ್ಪ ತೋಟದಲ್ಲೇ ಇದ್ದಂತಾಯಿತು ಎಂದು ಹೆಂಡತಿಗೆ ತೋರಿಸಿದೆ, ಅವಳ ಕಣ್ಣಲ್ಲಿ ನೀರು ಬಂತು. ನನ್ನ ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯದು ಅಂತ ಆಗ ನನಗೆ ಅನ್ನಿಸಿತ್ತು.

ಮಾಡೆಲ್ ಮುಂದಿಟ್ಟುಕೊಂಡ ಮೇಲೆ ಭಾಗ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ದೊಡ್ಡಪ್ಪ ಬಗ್ಗಿ ಬಗ್ಗಿ ನೋಡಿ, "ಲೇ, ಪಂಪ್‌ಹೌಸಿಗೆ ಬೀಗನೂ ಹಾಕವ್ನಲ್ಲೋ" ಎಂದು ನಕ್ಕರು. ತೋಟದ ನಡುವೆ ಒಂದು ಕೆಂಪು ದಾರ ಎಳೆದೆವು. ಆ ಕಡೆ ನಲವತ್ತು, ಈ ಕಡೆ ನಲವತ್ತು, ಬಾವಿ ಇಬ್ಬರಿಗೂ. ನಾನು ಬೋರ್ಡ್ ನೋಡಿಕೊಂಡು ಬರೆದುಕೊಟ್ಟ ಪಟ್ಟಿಯ ಪ್ರಕಾರ ಪತ್ರ ಬರೆಯುವವರು ಪತ್ರ ಸಿದ್ಧ ಮಾಡಿದರು. ಅಕ್ಕ ತನಗೆ ಬರಬೇಕಾದದ್ದೆಲ್ಲ ಬಂದಿದೆ, ಈ ತೋಟದಲ್ಲಿ ಇನ್ನು ಯಾವ ಹಕ್ಕೂ ಇಲ್ಲ ಎಂದು ಸೈನ್ ಹಾಕುವ ಪತ್ರವೂ ಅದರ ಜೊತೆಗೇ ತಯಾರಾಯಿತು.

ರಿಜಿಸ್ಟರ್ ಆಗುವ ದಿನ ಅಕ್ಕ ಬೆಳಗಿನ ಬಸ್ಸಿಗೆ ಬಂದಳು. ನನ್ನ ಹೆಂಡತಿ ಕಾಫಿ ಕೊಟ್ಟಳು. ತಮ್ಮ, ದೊಡ್ಡಪ್ಪ ಆಗಲೇ ಹಜಾರದಲ್ಲಿ ಕೂತಿದ್ದರು. ನಾನು ಮೇಲೆ ಮುಚ್ಚಿದ್ದ ಪಂಚೆ ತೆಗೆದು ಅವಳಿಗೆ ತೋಟ ತೋರಿಸಿದೆ. ಅವಳು ಲೋಟ ಕೆಳಗಿಟ್ಟು ಕೈ ಒರೆಸಿಕೊಂಡು ಹತ್ತಿರ ಬಂದು ಕೂತಳು. ಟೇಪಿನ ಗರಿ ಮುಟ್ಟಿ ನೋಡಿದಳು. "ಇದು ಜಡೆ ಟೇಪಲ್ವಾ? ಸಾಸ್ವೆ ಕಾಳಾ ಇದು? ನಿನ್ ತಲೆ ತಲೆ ಕಣ್ಲಾ" ಅಂದಳು. ನಾನು ಬ್ಯಾಂಡೇಜು, ಚರಟ, ರಟ್ಟು ಎಲ್ಲ ಒಂದೊಂದಾಗಿ ವಿವರಿಸುತ್ತಾ ಹೋದೆ. ಬಾವಿಯ ನೀರು ಏನು ಹೇಳು ನೋಡೋಣ ಅಂದೆ. ಅವಳಿಗೆ ತಿಳಿಯಲಿಲ್ಲ. ಅಪ್ಪನ ಎಕ್ಸ್‌ರೇ ಅಂದಾಗ ಬೆರಳ ತುದಿಯಿಂದ ಅದನ್ನು ಮೆಲ್ಲಗೆ ಮುಟ್ಟಿ ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು.

ಆಮೇಲೆ ಅವಳು ನಾಲ್ಕನೇ ಸಾಲಿನ ಮೊದಲ ಮರದ ಮೇಲೆ ಬೆರಳಿಟ್ಟು ಅಪ್ಪನ ಹಾಗೆಯೇ ರಾಗವಾಗಿ ಎಣಿಸತೊಡಗಿದಳು. "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು." ಬೆರಳು ಬಾವಿಯ ಕಟ್ಟೆಗೆ ತಾಗಿ ನಿಂತಿತು.

"ಬಾವಿ ಇಲ್ಲಿಗೆ ಯಾವಾಗ ಬಂತು?" ಅಂದಳು.

ಆ ಕ್ಷಣದಲ್ಲೇ ನನಗೆ ಹೊಳೆಯಿತು. ಆದರೂ ನನ್ನ ಬಾಯಿಂದ ಬಂದದ್ದು, "ಅಳತೆ ಪ್ರಕಾರನೇ ಐತೆ ಕಣಕ್ಕ, ಇಂಚಿಗೆ ಹತ್ತಡಿ."

ಬೋರ್ಡಿನ ಪಕ್ಕದ ತಟ್ಟೆಯಲ್ಲಿ ನಾನು ರಿಪೇರಿಗೆಂದು ಮಾಡಿಟ್ಟ ಒಂದು ಮರ ಉಳಿದಿತ್ತು. ಅಕ್ಕ ಅದನ್ನು ಎತ್ತಿಕೊಂಡು, "ಹಂಗಾರೆ ನಂದು ಎಲ್ಲಿ ನಿಲ್ಸಾದು? ಇಲ್ಲಲ್ವಾ?" ಎಂದು ಬಾವಿಯ ನಡುವೆ ಊರಲು ನೋಡಿದಳು. ಕಡ್ಡಿ ಫಿಲ್ಮಿನ ಮೇಲೆ ಜಾರಿತು. ಇನ್ನೊಂದು ಸಲ ಊರಿದಳು. ಆಗಲೂ ನಿಲ್ಲಲಿಲ್ಲ.

"ಅಕ್ಕ, ಗೀರು ಬೀಳ್ತದೆ" ಅಂದೆ.

ಅಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಮರವನ್ನು ತಟ್ಟೆಯಲ್ಲಿ ಮೊದಲು ಹೇಗಿತ್ತೋ ಹಾಗೇ ಮಲಗಿಸಿದಳು.

ದೊಡ್ಡಪ್ಪನಿಗೆ ವಿಷಯ ಅರ್ಥವಾಯಿತು. "ಒಂದು ಸಾಲು ಸೇರಿಸಿ ಬರೆಸಾಣ ಬುಡು, ಅದೇನ್ ದೊಡ್ಡ ಕೆಲ್ಸ" ಅಂದರು. ತಮ್ಮ, "ಮರ ಎಲ್ಲೂ ಹೋಗಿಲ್ಲ ಕಣಕ್ಕ, ತೋಟದಲ್ಲಿ ಐತಲ್ಲ, ಇದು ಬರೀ ಆಟದ ಸಾಮಾನು" ಅಂದ. ಅವನು ಸಮಾಧಾನಕ್ಕೆಂದೇ ಹೇಳಿದ್ದು. ಆದರೆ ಆಟದ ಸಾಮಾನು ಅಂದದ್ದಕ್ಕೆ ನನಗೆ ಅವನ ಮೇಲೆ ಸಿಟ್ಟು ಬಂತು. ಅಕ್ಕನ ಮರ ಕಳೆದುಹೋದ ಹೊತ್ತಿನಲ್ಲಿ ನನಗೆ ಬಂದ ಸಿಟ್ಟು ಅದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಕ್ಕ, "ಬರೆಸಾದು ಏನೂ ಬ್ಯಾಡ ಬುಡಿ ದೊಡ್ಡಪ್ಪ. ಅಪ್ಪ ಬರ್ದು ಕೊಟ್ಟಿದ್ರಾ?" ಎಂದು ಎದ್ದಳು.

ಆಫೀಸಿನಲ್ಲಿ ಸೈನ್ ಹಾಕಿದಳು, ಹೆಬ್ಬೆಟ್ಟು ಒತ್ತಿದಳು, ಕ್ಯಾಮೆರಾ ನೋಡಿ ಅಂದಾಗ ನೋಡಿದಳು. ಊಟಕ್ಕೆ ಇರು ಅಂದರೆ ಹಸು ಕರೆಯಬೇಕು ಎಂದು ಹೊರಟಳು. ಬಸ್ ಸ್ಟ್ಯಾಂಡಿನವರೆಗೆ ನಾನು ಜೊತೆಗೆ ಹೋದೆ. ದಾರಿಯುದ್ದಕ್ಕೂ ಮಗಳ ಓದಿನ ಬಗ್ಗೆ ಕೇಳಿದಳು. ತಪ್ಪಾಯ್ತು ಅಕ್ಕ ಎಂದು ಬಸ್ಸು ಬರುವುದರೊಳಗೆ ಹೇಳಬೇಕು ಅಂದುಕೊಂಡಿದ್ದೆ. ಬಸ್ಸು ಬೇಗ ಬಂದುಬಿಟ್ಟಿತು.

ಮಾರನೇ ಭಾನುವಾರ ತೋಟಕ್ಕೆ ಹೋಗಿ ನೋಡಿದೆ. ಬಾವಿ ಎರಡು ಸಾಲಿನ ನಡುವೆ ತನ್ನ ಜಾಗದಲ್ಲೇ ಇತ್ತು, ಪಕ್ಕದಲ್ಲಿ ಅವಳ ಮರ. ಮನೆಗೆ ಬಂದು ಮಾಡೆಲ್ ಸರಿಮಾಡಲು ಕೂತೆ. ಬಾವಿಯನ್ನು ಎಬ್ಬಿಸುವಾಗ ಫಿಲ್ಮಿನ ಮೇಲಿನ ಪಾಲಿಶ್ ಸಿಪ್ಪೆಯಂತೆ ಎದ್ದು ಬಂತು. ಅದನ್ನು ಹಳೇ ಗುರುತಿಗೆ ಅಂಟಿಸಿ, ಖಾಲಿಯಾದ ಕಡೆ ಒಂದು ಹೊಸ ಮರ ನೆಟ್ಟೆ. ಅಷ್ಟು ಚೆನ್ನಾದ ಮರ ನಾನು ಮೊದಲು ಮಾಡಿರಲಿಲ್ಲ. ದಾರವನ್ನು ಮೂರು ಸಲ ಬಿಚ್ಚಿ ಸುತ್ತಿದ್ದೆ. ಫೋಟೊ ತೆಗೆದು ಅಕ್ಕನಿಗೆ ಕಳಿಸಿದೆ. ಎರಡು ದಿನದ ಮೇಲೆ "ಚೆನ್ನಾಗಿದೆ" ಎಂದು ಉತ್ತರ ಬಂತು.

ಗುತ್ತಿಗೆ ಮುಗಿದ ಮೇಲೆ ಮೊದಲ ಕೀಳಿಗೆ ನಾನು ಅಂಗಡಿಗೆ ರಜೆ ಹಾಕಿ ತೋಟದಲ್ಲಿ ನಿಂತೆ. ಆಳುಗಳು ಉದ್ದನೆಯ ಬಿದಿರು ಗಳುವಿನಲ್ಲಿ ಕೀಳುತ್ತಿದ್ದರು. ಅವಳ ಮರ ಬಂದಾಗ ತಡೆದು ಬೇರೆ ಗುಡ್ಡೆ ಹಾಕಿಸಿದೆ. ನಾನೇ ಆರಿಸಿ ಚೀಲಕ್ಕೆ ತುಂಬಿ, ಬಾಯಿ ಹೊಲಿದು, ತಿಪಟೂರಿನಲ್ಲಿ ಬಸ್ ಬದಲಿಸಿ ಚಿಕ್ಕನಾಯಕನಹಳ್ಳಿಗೆ ಹೋದೆ. ಅಲ್ಲಿಂದ ಆಟೋ. ಅಪ್ಪ ವರ್ಷಕ್ಕೆ ಎಷ್ಟು ಸಲ ಈ ಚೀಲ ಹೊತ್ತಿದ್ದರು ಎಂಬುದು ನನ್ನ ಹೆಗಲಿಗೆ ಅವತ್ತು ತಿಳಿಯಿತು.

ಅಕ್ಕ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ರೊಟ್ಟಿ, ಹುಚ್ಚೆಳ್ಳು ಚಟ್ನಿ ಬಡಿಸಿ, ಬೇಡವೆಂದರೂ ಇನ್ನೊಂದು ಹಾಕಿದಳು. ಅವಳಲ್ಲಿ ಏನೂ ಬದಲಾಗಿರಲಿಲ್ಲ. ನನಗೆ ಉಸಿರು ಹಗುರಾಯಿತು. ಕೈ ತೊಳೆದು ಬಂದು, "ಅಕ್ಕ, ನಿನ್ ಮರದ ಕಾಯಿ ತಂದಿದೀನಿ. ಬಾವಿ ಹತ್ರದ್ದೇ, ನಾನೇ ನಿಂತು ಕೀಳ್ಸಿದ್ದು" ಅಂದೆ.

"ಯಾಕಪ್ಪ ಅಷ್ಟು ದೂರದಿಂದ ಹೊತ್ಕಂಡ್ ಬಂದೆ? ನಮ್ಮಲ್ಲೂ ಬೇಕಾದಷ್ಟವೆ" ಅಂದಳು.

ಅವಳು ಕುಡುಗೋಲಿನಿಂದ ಚೀಲದ ಹೊಲಿಗೆ ಕಿತ್ತಳು. ದೇವರ ಮನೆಯ ಬಾಗಿಲು ತೆರೆದೇ ಇತ್ತು, ನಾನು ಕೂತಲ್ಲಿಗೆ ಆ ಮೂಲೆ ಕಾಣುತ್ತಿತ್ತು. ಬಿದಿರಿನ ಕುಕ್ಕೆ ಅಲ್ಲೇ ಇತ್ತು. ಅದರಲ್ಲಿ ಮಡಿಸಿದ ಹಳೇ ಸೀರೆಗಳಿದ್ದವು. ಅಕ್ಕ ಚೀಲವನ್ನು ಎಳೆದುಕೊಂಡು ಅಂಗಳಕ್ಕೆ ಹೋದಳು. ಅಲ್ಲಿ ಅವರ ತೋಟದ ಕಾಯಿ ರಾಶಿ ಬಿದ್ದಿತ್ತು. ಚೀಲದ ತಳ ಹಿಡಿದು ಎತ್ತಿ ಆ ರಾಶಿಯ ಮೇಲೆ ಸುರಿದಳು. ಕಾಯಿಗಳು ಉರುಳಿ ಉರುಳಿ ಒಂದರ ಪಕ್ಕ ಒಂದು ನಿಂತವು.

"ಎರಡೂ ಒಂದೇ ಅಲ್ವೇನಪ್ಪ" ಎಂದು ಖಾಲಿ ಚೀಲವನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

ಅವಳು ಒಳಗೆ ಹೋದ ಮೇಲೆ ನಾನು ರಾಶಿಯ ಹತ್ತಿರ ಹೋಗಿ ನೋಡಿದೆ. ಒಂದೆರಡು ಎತ್ತಿ ತಿರುಗಿಸಿಯೂ ನೋಡಿದೆ. ಅವಳ ಮರದ್ದು ಯಾವುದು ಎಂದು ನನಗೆ ಗೊತ್ತಾಗಲಿಲ್ಲ.